ಬಾಯ್ಲರಿಗೆ ನೀರು ಕುಡಿಸುವ ಪಂಪು

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಯ ಊರು. ಮಾರುಕಟ್ಟೆಯಲ್ಲಿ ಕೊಂಡ ಗೂಡು ರೀಲರ್‌ಗಳ ಶೆಡ್‌ಗೆ ಬಂದ ಮೇಲೆ ಅದನ್ನು ಬೇಯಿಸಬೇಕು. ಹುಳು ತನ್ನ ಎಳೆಗೆ ಬಳಿದಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾದರೆ ಮಾತ್ರ ಎಳೆಯ ತುದಿ ಕೈಗೆ ಸಿಗುತ್ತದೆ. ಒಳ್ಳೆಯ ದ್ವಿತಳಿ ಗೂಡಾದರೆ ಆ ತುದಿ ಹಿಡಿದು ಸಾವಿರ ಮೀಟರ್‌ವರೆಗೂ ಎಳೆ ಬಿಚ್ಚಬಹುದು. ಚರಕದಲ್ಲಿ ನೂಲು ತೆಗೆಯುವಾಗ ಪಾತ್ರೆಗೊಂದು ಒಲೆ, ಒಲೆಗೊಂದು ಹೊಗೆ. ಕೆಲಸಗಾರರು ದಿನವಿಡೀ ಅದರ ನಡುವೆಯೇ ಕೂರಬೇಕು. ಮಲ್ಟಿ ಎಂಡ್ ಯಂತ್ರಗಳು, ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಬಂದ ಕಡೆ ಆ ಒಲೆಗಳ ಜಾಗದಲ್ಲಿ ಒಂದು ಬಾಯ್ಲರ್ ನಿಂತಿದೆ. ಅದರಿಂದ ಹೊರಟ ಕೊಳವೆ ಶೆಡ್‌ನೊಳಗಿನ ಒಂದೊಂದು ಬೇಸಿನ್‌ಗೂ ಉಗಿ ಮುಟ್ಟಿಸುತ್ತದೆ.

ವಿಜಯಪುರದಿಂದ ಕಾರವಾರದ ಕದಂಬ ನೌಕಾನೆಲೆ ಬಲು ದೂರ. ಅಲ್ಲಿ ನೆಲೆ ಪಡೆದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್, ಉದ್ದ 284 ಮೀಟರ್. ಅದರ ಹೊಟ್ಟೆಯೊಳಗೆ 8 ಬಾಯ್ಲರ್‌ಗಳಿವೆ. ಒಂದೊಂದೂ ಗಂಟೆಗೆ 100 ಟನ್ ನೀರನ್ನು ಉಗಿಯಾಗಿಸಬಲ್ಲದು, ಅದೂ 64 ಬಾರ್ ಒತ್ತಡದಲ್ಲಿ. ಆ ಉಗಿ ಟರ್ಬೈನ್‌ಗಳನ್ನು ತಿರುಗಿಸಿ 1,80,000 ಅಶ್ವಶಕ್ತಿಯನ್ನು ನಾಲ್ಕು ಪ್ರೊಪೆಲ್ಲರ್‌ಗಳಿಗೆ ಕೊಡುತ್ತದೆ. ಗೂಡು ಬೇಯಿಸುವ ಬಾಯ್ಲರಿಗೂ ಇದಕ್ಕೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೆ ಎರಡರ ಮುಂದೆ ನಿಂತವನ ಕಣ್ಣು ಇರಬೇಕಾದ್ದು ಒಂದೇ ಕಡೆ: ನೀರಿನ ಮಟ್ಟದ ಮೇಲೆ. ಉರಿ ಕಡಿಮೆಯಾದರೆ ಬಾಯ್ಲರ್ ಬರೀ ಸುಮ್ಮನಾಗುತ್ತದೆ; ನೀರು ಕಡಿಮೆಯಾದರೆ ಕೆಡುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಹಾಗಾಗಿ ಬಾಯ್ಲರ್ ಅರ್ಥವಾಗಬೇಕಾದರೆ ಅದಕ್ಕೆ ನೀರು ಕುಡಿಸುವ ಪಂಪಿನ ಕತೆಯನ್ನೂ ಕೇಳಬೇಕು.

ಮೊದಲು ಉಗಿಯ ಲೆಕ್ಕ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿವರೆಗೆ ಕಾಯಿಸಲು 100 ಕಿಲೋಕ್ಯಾಲರಿ ಶಾಖ ಸಾಕು. ಆ ಕುದಿನೀರನ್ನೇ ಪೂರ್ತಿ ಉಗಿಯಾಗಿಸಲು ಇನ್ನೂ 540 ಕಿಲೋಕ್ಯಾಲರಿ ಬೇಕು. ಈ ಐದು ಪಟ್ಟಿಗೂ ಮಿಕ್ಕಿದ ಶಾಖ ಥರ್ಮಾಮೀಟರ್‌ನಲ್ಲಿ ಕಾಣುವುದಿಲ್ಲ, ಉಗಿಯೊಳಗೆ ಅಡಗಿ ಕೂರುತ್ತದೆ. ಉಗಿ ತಣ್ಣಗಿರುವುದನ್ನು ತಾಗಿ ಮತ್ತೆ ನೀರಾದ ಕೂಡಲೇ ಅಷ್ಟನ್ನೂ ಅಲ್ಲೇ ಬಿಟ್ಟುಕೊಡುತ್ತದೆ. ವಿಜಯಪುರದ ಬೇಸಿನ್‌ನಲ್ಲಿ ಗೂಡು ಬೇಯುವುದು, ದೊಡ್ಡಬಳ್ಳಾಪುರದಂಥ ನೇಕಾರರ ಊರಿನಲ್ಲಿ ಬಣ್ಣದ ತೊಟ್ಟಿ ಬಿಸಿಯಾಗುವುದು ಈ ಗುಣದಿಂದ. ಕುದಿನೀರು ತಾಗಿದರೆ ಸುಡುವುದಕ್ಕಿಂತ ಉಗಿ ತಾಗಿದರೆ ಸುಡುವ ಗಾಯ ಘೋರವಾಗುವುದಕ್ಕೂ ಇದೇ ಕಾರಣ.

ಎರಡನೆಯ ಸಂಗತಿ, ಹಿಗ್ಗುವಿಕೆ. ಒಂದು ಲೀಟರ್ ನೀರು ಬಯಲಿನಲ್ಲಿ ಉಗಿಯಾದರೆ ಸುಮಾರು 1,700 ಲೀಟರ್ ಜಾಗ ಕೇಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಆ ಜಾಗ ಸಿಗದೆ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಅಡುಗೆಮನೆಯ ಕುಕ್ಕರ್‌ನಲ್ಲಿ ಬೇಳೆ ಬೇಗ ಬೇಯುವುದು ಹೀಗೆಯೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಗ್ರಾಮಾಂತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದೇ ನೀರು ಬಾಯ್ಲರಿನಲ್ಲಿದ್ದು, ಒತ್ತಡದ ಮುಳ್ಳು 5 ಕೆಜಿ ತೋರಿಸುತ್ತಿದ್ದರೆ, ಒಳಗೆ 158 ಡಿಗ್ರಿ ಇರುತ್ತದೆ. ವಿಕ್ರಮಾದಿತ್ಯದ 64 ಬಾರ್‌ನಲ್ಲಿ 280 ಡಿಗ್ರಿ.

ಬಾಯ್ಲರಿನ ಒಳಗಟ್ಟು ಎರಡು ಬಗೆ. ಕೊಳವೆಯೊಳಗೆ ಬೆಂಕಿಯ ಬಿಸಿಗಾಳಿ ಹಾದು, ಸುತ್ತಲೂ ನೀರು ನಿಂತಿರುವುದು ಒಂದು ಬಗೆ. ಹಳೆಯ ಹಡಗುಗಳ ‘ಸ್ಕಾಚ್’ ಬಾಯ್ಲರ್‌ಗಳು, ರೈಲಿನ ಉಗಿ ಎಂಜಿನ್‌ಗಳು ಈ ಜಾತಿಯವು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಇಂಥವು 29 ಇದ್ದವು. ಕೊಳವೆಯೊಳಗೆ ನೀರು ಹರಿದು, ಹೊರಗೆ ಬೆಂಕಿ ಸುತ್ತುವುದು ಇನ್ನೊಂದು ಬಗೆ. ಸಣ್ಣ ಕೊಳವೆ ಹೆಚ್ಚು ಒತ್ತಡ ತಾಳುತ್ತದೆ, ಉಗಿಯೂ ಬೇಗ ಏಳುತ್ತದೆ, ಆದ್ದರಿಂದ ಯುದ್ಧನೌಕೆಗಳು ಎರಡನೆಯ ಬಗೆಗೆ ಒಲಿದವು. ಆದರೆ ಇದರಲ್ಲಿ ನೀರಿನ ದಾಸ್ತಾನು ಕಡಿಮೆ. ಪಂಪು ಸ್ವಲ್ಪ ಹೊತ್ತು ನಿಂತರೂ ಮಟ್ಟ ಕೆಳಗಿಳಿಯುತ್ತದೆ. ಬಾಯ್ಲರ್ ಚುರುಕಾದಷ್ಟೂ ಪಂಪಿನ ಜವಾಬ್ದಾರಿ ಬಿಗಿಯಾಗುತ್ತ ಬಂದಿತು.

ಇನ್ನು ಅದಕ್ಕೆ ನೀರು ತುಂಬುವ ಕಷ್ಟ. ಒಳಗಿನ ಉಗಿ ಎಲ್ಲ ದಿಕ್ಕಿಗೂ ನೂಕುತ್ತಿದೆ. ನೀರು ಒಳಹೋಗಬೇಕಾದರೆ ಆ ನೂಕಿಗಿಂತ ಹೆಚ್ಚಿನ ಬಲದಿಂದ ತಳ್ಳಬೇಕು. 64 ಬಾರ್ ಒತ್ತಡದ ಬಾಯ್ಲರಿಗೆ ನೀರು ಹಾಕುವುದೆಂದರೆ 650 ಮೀಟರ್ ಎತ್ತರಕ್ಕೆ ನೀರೆತ್ತಿದ ಹಾಗೆ. ಜೋಗದ ಜಲಪಾತದ 253 ಮೀಟರ್‌ಗೆ ಇದು ಎರಡೂವರೆ ಪಟ್ಟು. ಹೊಸಕೋಟೆ, ದೇವನಹಳ್ಳಿ ಕಡೆಯ ರೈತರಿಗೆ ಈ ಕಷ್ಟದ ಪರಿಹಾರವೂ ಗೊತ್ತಿದೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಇಳಿಸುವಾಗ ಅವರು ಕೇಳುವ ಪ್ರಶ್ನೆ ‘ಎಷ್ಟು ಸ್ಟೇಜು?’ ಎಂದು. ಒಂದು ಚಕ್ರ ನೀರನ್ನು ಬೀಸಿ ಕೊಟ್ಟ ಒತ್ತಡದ ಮೇಲೆ ಮುಂದಿನ ಚಕ್ರ ಇನ್ನಷ್ಟು ಸೇರಿಸುತ್ತದೆ, ಅದರ ಮೇಲೆ ಮತ್ತೊಂದು. ಬಾಯ್ಲರಿಗೆ ನೀರು ತುಂಬುವ ಪಂಪಿಗೆ ಫೀಡ್ ಪಂಪು ಎನ್ನುತ್ತಾರೆ; ಹಡಗಿನದೂ ವಿದ್ಯುತ್ ಸ್ಥಾವರಗಳದೂ ಇದೇ ಲೆಕ್ಕದವು: ಒಂದೇ ದಂಡಕ್ಕೆ ಸಾಲಾಗಿ ಪೋಣಿಸಿದ ಚಕ್ರಗಳು. ಬೋರ್‌ವೆಲ್ ಪಂಪು ವಿದ್ಯುತ್ತಿನಿಂದ ತಿರುಗಿದರೆ, ಹಡಗಿನಲ್ಲಿ ಪಂಪನ್ನು ತಿರುಗಿಸಲು ಬಾಯ್ಲರಿನದೇ ಉಗಿಯಿಂದ ಓಡುವ ಪುಟ್ಟ ಟರ್ಬೈನ್ ಇರುವುದುಂಟು.

ಚಕ್ರದ ಪಂಪುಗಳಿಗೆ ಮೊದಲು ಪಿಸ್ಟನ್ನಿನ ಪಂಪುಗಳಿದ್ದವು. ಅವುಗಳಲ್ಲೊಂದರ ಹುಟ್ಟು ನೆನೆಯುವಂಥದ್ದು. ಅಮೆರಿಕದ ಕಾಲುವೆಗಳಲ್ಲಿ ಓಡುತ್ತಿದ್ದ ಉಗಿದೋಣಿಗಳ ಫೀಡ್ ಪಂಪು ಮುಖ್ಯ ಎಂಜಿನ್ನಿಗೇ ಕಟ್ಟಿಕೊಂಡಿರುತ್ತಿತ್ತು. ಕಾಲುವೆಯ ಬಾಗಿಲು ತೆರೆಯುವವರೆಗೆ ದೋಣಿ ನಿಂತರೆ ಎಂಜಿನ್ ನಿಲ್ಲುತ್ತಿತ್ತು, ಜೊತೆಗೆ ಪಂಪೂ ನಿಲ್ಲುತ್ತಿತ್ತು. ಬೆಂಕಿ ಮಾತ್ರ ಉರಿಯುತ್ತಲೇ ಇರುತ್ತಿತ್ತು. ಹೆನ್ರಿ ವರ್ದಿಂಗ್‌ಟನ್ 1840ರ ಸುಮಾರಿಗೆ ಎಂಜಿನ್ನಿನ ಹಂಗಿಲ್ಲದೆ ತಾನೇ ನಡೆಯುವ ಉಗಿಪಂಪು ಮಾಡಿದ. ಒಂದು ಕಬ್ಬಿಣದ ದಂಡ, ಅದರ ಒಂದು ತುದಿಗೆ ಉಗಿಯ ಪಿಸ್ಟನ್, ಇನ್ನೊಂದು ತುದಿಗೆ ನೀರಿನ ಪಿಸ್ಟನ್. ಬಾಯ್ಲರಿನಿಂದ ಬಂದ ಉಗಿಯೇ ಅದೇ ಬಾಯ್ಲರಿನ ಎದುರೊತ್ತಡವನ್ನು ಮೀರಿ ನೀರು ನುಗ್ಗಿಸುವುದು ಹೇಗೆಂದು ಯಾರಿಗಾದರೂ ಅನಿಸಬಹುದು. ಉತ್ತರ ಪಿಸ್ಟನ್ನಿನ ಅಗಲದಲ್ಲಿದೆ. ಉಗಿಯ ಪಿಸ್ಟನ್ ಅಗಲವಾಗಿ, ನೀರಿನದು ಕಿರಿದಾಗಿ ಇದ್ದರೆ, ದೊಡ್ಡ ಮುಖದ ಮೇಲೆ ಬಿದ್ದ ಒಟ್ಟು ಬಲ ಚಿಕ್ಕ ಮುಖದಲ್ಲಿ ಹೆಚ್ಚಿನ ಒತ್ತಡವಾಗುತ್ತದೆ. ಬೇರೆ ಮಾಯೆಯೇನೂ ಇಲ್ಲ.

ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಇನ್ನೂ ಸೊಗಸಾದ ಉಪಾಯ ಕಂಡುಹಿಡಿದ. ಆತನ ಇಂಜೆಕ್ಟರ್‌ನಲ್ಲಿ ಪಿಸ್ಟನ್ ಇಲ್ಲ, ಚಕ್ರವಿಲ್ಲ, ಕೆಲಸ ನಡೆಯುವಾಗ ಅಲುಗಾಡುವ ಭಾಗವೇ ಇಲ್ಲವೆನ್ನಬೇಕು. ಕಿರಿದಾದ ಬಾಯಿಂದ ಉಗಿ ಭಾರಿ ವೇಗದಲ್ಲಿ ನುಗ್ಗುತ್ತದೆ, ತಣ್ಣೀರನ್ನು ಸೇರಿ ತಾನೂ ನೀರಾಗುತ್ತದೆ, ತನ್ನ ವೇಗವನ್ನು ಆ ನೀರಿಗೆ ಕೊಡುತ್ತದೆ. ಮುಂದೆ ಕೊಳವೆ ಮೆಲ್ಲಗೆ ಅಗಲವಾಗುತ್ತ ಹೋದಂತೆ ವೇಗ ತಗ್ಗಿ ಒತ್ತಡವಾಗಿ ಮಾರ್ಪಟ್ಟು ಬಾಯ್ಲರಿನ ಕವಾಟವನ್ನು ತಳ್ಳಿ ತೆರೆಯುತ್ತದೆ. ಉಗಿಯ ಶಾಖವೂ ನೀರಿನ ಜೊತೆ ವಾಪಸು ಒಳಕ್ಕೇ ಹೋಗುತ್ತದೆ. ರೈಲು ಎಂಜಿನ್‌ಗಳಿಗೆ ಇದು ವರವಾಯಿತು. 1915ರಲ್ಲಿ ಯಲಹಂಕದಿಂದ ದೇವನಹಳ್ಳಿ ಮೂಲಕ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿ ಬಿದ್ದ ಕಾಲಕ್ಕೆ ಉಗಿ ಎಂಜಿನ್‌ಗಳಿಗೆ ಇಂಜೆಕ್ಟರ್ ಕಟ್ಟಿಟ್ಟ ಸಾಮಾನು. ನಿಲ್ದಾಣದಲ್ಲಿ ನಿಂತಾಗಲೂ ಡ್ರೈವರ್ ಒಂದು ಕವಾಟ ತಿರುವಿ ಬಾಯ್ಲರಿಗೆ ನೀರು ಬಿಡಬಹುದಿತ್ತು. ಆ ಮಾರ್ಗ ಈಗ ಬ್ರಾಡ್‌ಗೇಜ್. ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿ, ನಂದಿಯ ಹಳೆಯ ನಿಲ್ದಾಣ ಕಟ್ಟಡಗಳನ್ನು ಉಳಿಸುವ ಕೆಲಸವನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಗೆತ್ತಿಕೊಂಡಿತು. ಕಟ್ಟಡ ಉಳಿದ ಹಾಗೆ ಅಲ್ಲಿ ಎಂಜಿನ್‌ಗಳು ನೀರು ಕುಡಿದ ಬಗೆಯ ವಿವರವೂ ಒಂದು ಫಲಕದಲ್ಲಾದರೂ ಉಳಿಯಬೇಕು.

ಬಾಯ್ಲರಿಗಾಗಿ ಪಂಪು ಎನ್ನುವ ಮಾತನ್ನು ತಿರುಗಿಸಿ, ಪಂಪಿಗಾಗಿ ಬಾಯ್ಲರ್ ಹೂಡಿದ ದೊಡ್ಡ ನಿದರ್ಶನವೂ ಈ ಸೀಮೆಯಲ್ಲೇ ಇದೆ. ಅರ್ಕಾವತಿ ನಂದಿ ಬೆಟ್ಟದ ಕಡೆ ಹುಟ್ಟಿ ದೊಡ್ಡಬಳ್ಳಾಪುರ ತಾಲ್ಲೂಕನ್ನು ಹಾದು ಹೆಸರಘಟ್ಟಕ್ಕೆ ಇಳಿಯುತ್ತದೆ. ಬೆಂಗಳೂರು ನಗರ ಕುಳಿತಿರುವುದು ದಿಣ್ಣೆಯ ಮೇಲೆ. ಊರ ಕೆರೆಗಳ ನೀರು ಸಾಲದೆ, ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಮುಖ್ಯ ಎಂಜಿನಿಯರ್ ಹಚಿನ್ಸ್ ಜೊತೆಗೂಡಿ, 1894ರಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಯೋಜನೆ ರೂಪುಗೊಂಡಿತು. ಹೆಸರಘಟ್ಟದ ಕೆರೆಯಿಂದ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಏರು. 1896ರಲ್ಲಿ ನೀರು ಸರಬರಾಜು ಶುರುವಾದಾಗ ಆ ಏರನ್ನು ಹತ್ತಿಸಿದ್ದು ಉಗಿಪಂಪುಗಳು. ನೀರು ಮಲ್ಲೇಶ್ವರದ ಕಡೆಯ ಜುವೆಲ್ ಫಿಲ್ಟರ್ ಘಟಕ ಸೇರಿ, ಸೋಸಿಕೊಂಡು ನಲ್ಲಿಗಳಿಗೆ ಹೋಗುತ್ತಿತ್ತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ ನಗರದ ನಲ್ಲಿ ನೀರು ಬಾಯ್ಲರಿನ ಬಲದಿಂದ ಬರುತ್ತಿತ್ತು.

ಆ ಕೆಲಸದ ಪ್ರಮಾಣ ತಿಳಿಯಲು ಒಂದು ಲೆಕ್ಕ ಸಾಕು. ಒಳ್ಳೆಯ ಕಲ್ಲಿದ್ದಲಿನ ಒಂದು ಕಿಲೋದಲ್ಲಿ ಸುಮಾರು 25 ಮೆಗಾಜೂಲ್ ಶಕ್ತಿಯಿದೆ. ಬಾಯ್ಲರ್, ಎಂಜಿನ್, ಪಂಪು ಎಲ್ಲದರಲ್ಲೂ ಸೋರಿ ಹತ್ತರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬಂತು ಎಂದುಕೊಂಡರೂ, ಆ ಒಂದು ಕಿಲೋ 2,500 ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಬಲ್ಲದು. 1925ರಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟದ ಕೆರೆ ಬತ್ತಿದಾಗ ನಗರ ಬೇರೆ ದಾರಿ ಹುಡುಕಬೇಕಾಯಿತು. ಆಗ ಹುಟ್ಟಿದ್ದು ತಿಪ್ಪಗೊಂಡನಹಳ್ಳಿ ಜಲಾಶಯ. ಅರ್ಕಾವತಿಗೆ ನೆಲಮಂಗಲದ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಸೇರುವಲ್ಲಿ ಅದನ್ನು ಕಟ್ಟಿದರು. ಪಂಪು ಎಷ್ಟೇ ಬಲವಾಗಿದ್ದರೂ ಕೆರೆಯಲ್ಲಿ ಇಲ್ಲದ ನೀರನ್ನು ಅದು ಎತ್ತಲಾರದು. ಅರ್ಕಾವತಿಯ ಮೇಲ್ಪಾತ್ರದ ಹಳ್ಳಿಗಳಿಗೆ ಇದು ಇಂದಿಗೂ ನೋವಿನ ವಿಷಯ.

ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಪಂಪು ತನ್ನೊಳಗೆ ಒತ್ತಡ ಇಳಿಸಿಕೊಳ್ಳುತ್ತದೆ, ಹೊರಗಿನ ಗಾಳಿ ನೀರನ್ನು ಅದರೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಹೆಚ್ಚೆಂದರೆ 10.3 ಮೀಟರ್ ನೀರನ್ನು ಎತ್ತಬಲ್ಲದು. ದೊಡ್ಡಬಳ್ಳಾಪುರದ ಎತ್ತರದಲ್ಲಿ 9 ಮೀಟರ್ ಚಿಲ್ಲರೆ, ಅದರಲ್ಲಿ ಬಳಕೆಗೆ ಸಿಗುವುದು ಆರೇಳು ಮೀಟರ್. ತೆರೆದ ಬಾವಿಗಳಲ್ಲಿ ನೀರು ಕೆಳಗಿಳಿದಂತೆ ಪಂಪ್‌ಸೆಟ್ಟನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಿದ್ದುದು ಇದಕ್ಕೇ. ಬಿಸಿನೀರಿನ ಗತಿ ಇನ್ನೂ ಬಿಗಿ. ಕುದಿಯುವ ಹಂತದ ಹತ್ತಿರವಿರುವ ನೀರಿನ ಮೇಲೆ ಒತ್ತಡ ತುಸು ಇಳಿದರೂ ಅದು ಪಂಪಿನೊಳಗೇ ಕುದಿದು ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಮುಂದೆ ಒತ್ತಡ ಹೆಚ್ಚಿದ ಕಡೆ ಒಡೆದು ಚಕ್ರದ ಲೋಹವನ್ನು ಕಚ್ಚಿ ಕಚ್ಚಿ ತಿನ್ನುತ್ತವೆ, ಪಂಪು ಕಲ್ಲು ಉರುಳಿದಂತೆ ಸದ್ದು ಮಾಡುತ್ತದೆ. ಆದ್ದರಿಂದ ಬಾಯ್ಲರಿನ ಬಿಸಿ ಫೀಡ್ ನೀರಿನ ತೊಟ್ಟಿಯನ್ನು ಪಂಪಿಗಿಂತ ಎತ್ತರದಲ್ಲಿ ಇಡುತ್ತಾರೆ. ಹಡಗಿನಲ್ಲಿ ಅದು ಪಂಪಿಗಿಂತ ಬಹಳ ಮೇಲಿನ ಅಂತಸ್ತಿನಲ್ಲಿರುತ್ತದೆ. ರೀಲಿಂಗ್ ಶೆಡ್‌ನ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ತೊಟ್ಟಿ ಕೂತಿದ್ದರೆ ಅದರ ಹಿಂದೆಯೂ ಇದೇ ವಿಚಾರವಿದೆ.

ಸಮುದ್ರದ ನಡುವೆ ನೀರಿಗೆ ಬರವೇ ಎಂದು ಕೇಳಬಹುದು. ಮೊದಮೊದಲ ಉಗಿಹಡಗುಗಳು ಸಮುದ್ರದ ನೀರನ್ನೇ ಬಾಯ್ಲರಿಗೆ ಹಾಕುತ್ತಿದ್ದವು. ಲೀಟರಿಗೆ 35 ಗ್ರಾಮ್ ಉಪ್ಪು. ನೀರು ಉಗಿಯಾಗಿ ಹೋದಂತೆ ಉಪ್ಪು ಒಳಗೇ ಉಳಿದು ಕೊಳವೆಗಳ ಮೇಲೆ ಕಲ್ಲಾಗುತ್ತಿತ್ತು. ಆಗಾಗ ಬಿಸಿ ಉಪ್ಪುನೀರನ್ನು ಹೊರಚೆಲ್ಲಬೇಕಿತ್ತು. ಒತ್ತಡ ಹೆಚ್ಚಿಸುವ ಮಾತೇ ಇರಲಿಲ್ಲ. ಇದನ್ನು ಬದಲಿಸಿದ್ದು ಸರ್ಫೇಸ್ ಕಂಡೆನ್ಸರ್. ಸ್ಯಾಮ್ಯುಯೆಲ್ ಹಾಲ್ 1834ರಲ್ಲಿ ಪೇಟೆಂಟ್ ಪಡೆದ ಈ ಸಾಧನ 1860ರ ದಶಕದ ಹೊತ್ತಿಗೆ ಬಳಕೆಗೆ ಬಂತು. ಕೆಲಸ ಮುಗಿಸಿದ ಉಗಿ ತಣ್ಣನೆಯ ಕೊಳವೆಗಳನ್ನು ತಾಗಿ ಮತ್ತೆ ಸಿಹಿನೀರಾಗುತ್ತದೆ. ಕೊಳವೆಯೊಳಗೆ ಸಮುದ್ರದ ನೀರು ಓಡುತ್ತದೆ, ಆದರೆ ಎರಡೂ ಬೆರೆಯುವುದಿಲ್ಲ. ಉಗಿ ಕುಗ್ಗಿ ನೀರಾದಾಗ ಅಲ್ಲಿ ನಿರ್ವಾತ ಉಂಟಾಗಿ, ಟರ್ಬೈನ್ ಮೇಲೆ ಉಗಿಯ ಎಳೆತ ಇನ್ನೂ ಹೆಚ್ಚುತ್ತದೆ. ಒಂದು ಪಂಪು ಆ ನೀರನ್ನು ಕಂಡೆನ್ಸರ್‌ನಿಂದ ಎತ್ತುತ್ತದೆ, ಮತ್ತೊಂದು ಸಮುದ್ರದ ನೀರನ್ನು ಓಡಿಸುತ್ತದೆ, ಫೀಡ್ ಪಂಪು ಸಿಹಿನೀರನ್ನು ಬಾಯ್ಲರಿಗೆ ಹಿಂದಿರುಗಿಸುತ್ತದೆ. ಪೂರ್ಣ ವೇಗದಲ್ಲಿ ವಿಕ್ರಮಾದಿತ್ಯದ ಬಾಯ್ಲರ್‌ಗಳಿಗೆ ಗಂಟೆಗೆ 800 ಟನ್ ನೀರು ಬೇಕಾದೀತು. ಹಡಗು ಸಿಹಿನೀರು ಮಾಡಿಕೊಳ್ಳಬಲ್ಲದ್ದು ದಿನಕ್ಕೆ 400 ಟನ್. ಒಮ್ಮೆ ಉಗಿಯಾದ ನೀರನ್ನು ಹಿಡಿದು ವಾಪಸು ತರದಿದ್ದರೆ ಆ ಹಡಗು ಒಂದು ಗಂಟೆಯೂ ಓಡುವಂತಿಲ್ಲ.

ಒಳನಾಡಿನಲ್ಲಿ ಉಪ್ಪಿನ ಜಾಗವನ್ನು ಗಡಸು ನೀರು ತುಂಬುತ್ತದೆ. ಬೆಂಗಳೂರು ಗ್ರಾಮಾಂತರದ ಆಳ ಬೋರ್‌ವೆಲ್‌ಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕಾಯಿಸಿದಾಗ ಅವು ಸುಣ್ಣದಂಥ ಬಿಳಿ ಪದರವಾಗಿ ಕೊಳವೆಗೆ ಅಂಟುತ್ತವೆ. ಈ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ; ಸೌದೆ ಹೆಚ್ಚು ಉರಿಯುತ್ತದೆ, ಕೊಳವೆಯ ಲೋಹ ಮಾತ್ರ ಕಾಯುತ್ತ ಹೋಗುತ್ತದೆ. ಅದಕ್ಕಾಗಿ ಬಾಯ್ಲರಿನ ಮುಂದೆ ಸಾಫ್ಟ್‌ನರ್ ಇಡುತ್ತಾರೆ. ಅದರೊಳಗಿನ ರಾಳದ ಕಾಳುಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ, ಕಾಳು ದಣಿದಾಗ ಉಪ್ಪುನೀರಿನಿಂದ ತೊಳೆದು ಮತ್ತೆ ಸಜ್ಜುಗೊಳಿಸುತ್ತಾರೆ. ಆಗಾಗ ತಳದ ಕವಾಟ ತೆರೆದು ಕೆಸರು ಹೊರಹಾಕುವ ‘ಬ್ಲೋಡೌನ್’ ಇನ್ನೊಂದು ಶಿಸ್ತು. ಖರ್ಚು ಉಳಿಸಲು ಇವೆರಡನ್ನೂ ಕೈಬಿಡುವ ಮಾಲೀಕರು ಆ ದುಡ್ಡನ್ನು ಸೌದೆಗೆ ಕೊಟ್ಟಿರುತ್ತಾರೆ, ಜೊತೆಗೆ ಕೆಲಸಗಾರರ ಜೀವವನ್ನೂ ಪಣಕ್ಕಿಟ್ಟಿರುತ್ತಾರೆ.

ಶಾಖದ ಹತೋಟಿ ತಪ್ಪಿದರೆ ದೊಡ್ಡ ಹಡಗೂ ತಡೆಯುವುದಿಲ್ಲ. 2012ರಲ್ಲಿ ರಷ್ಯಾದಲ್ಲಿ ವಿಕ್ರಮಾದಿತ್ಯದ ಸಮುದ್ರ ಪರೀಕ್ಷೆ ನಡೆದಾಗ ಎಂಟರಲ್ಲಿ ಏಳು ಬಾಯ್ಲರ್‌ಗಳು ತೊಂದರೆ ಕೊಟ್ಟವು. ಕಲ್ನಾರು ಬೇಡವೆಂದು ಭಾರತ ಹೇಳಿದ್ದರಿಂದ ಒಳಗೆ ಬೆಂಕಿ ಇಟ್ಟಿಗೆ ಹಾಕಿದ್ದರು. ಶಾಖ ತಡೆಯುವಲ್ಲಿ ಅದು ಸೋತಿತ್ತು. ದುರಸ್ತಿಯಾಗಿ 2013ರ ನವೆಂಬರ್ 16ರಂದು ಹಡಗು ನೌಕಾಪಡೆ ಸೇರಿತು, 2014ರ ಜನವರಿಯಲ್ಲಿ ಕಾರವಾರ ತಲುಪಿತು.

ನೀರು ನಿಂತರೆ ಏನಾದೀತು ಎನ್ನುವುದಕ್ಕೆ ಲೋಕಕ್ಕೆಲ್ಲ ಗೊತ್ತಿರುವ ಉದಾಹರಣೆ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್. 1979ರ ಮಾರ್ಚ್ 28ರ ಬೆಳಗಿನ ಜಾವ ಆ ಪರಮಾಣು ಸ್ಥಾವರದ ಅವಘಡ ಶುರುವಾದದ್ದು ಫೀಡ್ ಪಂಪುಗಳು ನಿಂತದ್ದರಿಂದ. ತುರ್ತು ಪಂಪುಗಳು ತಾವಾಗಿ ಓಡಿದವು, ಆದರೆ ಅವುಗಳ ಮುಂದಿನ ಕವಾಟಗಳು ಮುಚ್ಚಿದ್ದವು. ಮುಂದೆ ಸಾಲುಸಾಲು ತಪ್ಪುಗಳಾಗಿ ರಿಯಾಕ್ಟರಿನ ಒಳಭಾಗವೇ ಭಾಗಶಃ ಕರಗಿತು. ನಮ್ಮ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತು. ಅಷ್ಟು ದಿನವೂ ಅದರ ಸ್ಟೀಮ್ ಜನರೇಟರ್‌ಗಳಿಗೆ ನೀರು ತಪ್ಪಲಿಲ್ಲ ಎನ್ನುವುದು ಆ ದಾಖಲೆಯ ಒಳಗಿನ ಸಾಧನೆ.

ಹಳ್ಳಿಗಾಡಿನ ಬಾಯ್ಲರಿಗೆ ಇದೇ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಫೀಡ್ ಪಂಪು ಕರೆಂಟಿನದು, ಬೆಂಕಿ ಸೌದೆಯದು. ಕರೆಂಟು ಹೋದ ಕ್ಷಣವೇ ಪಂಪು ನಿಲ್ಲುತ್ತದೆ, ಒಲೆಯಲ್ಲಿ ಕೆಂಡ ಉಳಿದೇ ಇರುತ್ತದೆ. ಬಾಯ್ಲರಿಗೆ ನೀರು ಹೋಗಲು ಒಂದಕ್ಕೊಂದು ನೆಚ್ಚದ ಎರಡು ದಾರಿ ಇರಬೇಕೆಂಬ ಹಳೆಯ ಕಟ್ಟಳೆ ಇಲ್ಲಿ ಜೀವ ಉಳಿಸುತ್ತದೆ: ಒಂದು ವಿದ್ಯುತ್ ಪಂಪು, ಇನ್ನೊಂದು ಇಂಜೆಕ್ಟರ್ ಅಥವಾ ಉಗಿಪಂಪು ಅಥವಾ ಕೈಪಂಪು. ಲೋಹದ ಒಂದು ಮುಖಕ್ಕೆ ನೀರು ತಾಗಿರುವವರೆಗೆ, ಇನ್ನೊಂದು ಮುಖದಲ್ಲಿ ಸಾವಿರ ಡಿಗ್ರಿಯ ಜ್ವಾಲೆ ಇದ್ದರೂ ಅದು ತಾಳುತ್ತದೆ. ನೀರು ಇಳಿದು ಲೋಹ ಬರಿದಾದರೆ ಕೆಂಪಗೆ ಕಾದು ಮೆತ್ತಗಾಗುತ್ತದೆ. ಆಗ ಗಾಬರಿಯಲ್ಲಿ ಪಂಪು ಹಾಕಿ ತಣ್ಣೀರು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಾದ ಲೋಹದ ಮೇಲೆ ಬಿದ್ದ ನೀರು ಒಮ್ಮೆಲೇ ಉಗಿಯಾಗುತ್ತದೆ, ಲೋಹ ಒಮ್ಮೆಲೇ ಕುಗ್ಗಿ ಬಿರಿಯುತ್ತದೆ. ಬಿರಿದ ಮೇಲೆ ಒಳಗೆ ಉಳಿದ ನೀರೂ ಸುಮ್ಮನಿರುವುದಿಲ್ಲ: 158 ಡಿಗ್ರಿಯ ಸಾವಿರ ಲೀಟರ್ ನೀರಿನ ಒತ್ತಡ ಹಠಾತ್ತನೆ ಇಳಿದರೆ ನೂರು ಲೀಟರಿಗೂ ಮಿಕ್ಕಿ ಕ್ಷಣದಲ್ಲಿ ಉಗಿಯಾಗುತ್ತದೆ. ಒಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಮಾಡಬೇಕಾದ್ದು ಬೆಂಕಿ ತೆಗೆಯುವುದು, ಗಾಳಿ ತಡೆಯುವುದು, ಜನರನ್ನು ದೂರ ಕಳಿಸುವುದು, ಬಾಯ್ಲರ್ ತಾನಾಗಿ ಆರಲು ಬಿಡುವುದು.

ಕೋಲ್ಕತ್ತದಲ್ಲಿ 1863ರಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ ಬಂಗಾಳದಲ್ಲಿ 1864ರಲ್ಲಿ ತಪಾಸಣೆಯ ಕಾನೂನು ಬಂತು, 1923ರಲ್ಲಿ ಅದು ದೇಶಕ್ಕೆಲ್ಲ ಒಂದೇ ಕಾಯ್ದೆಯಾಯಿತು, 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಕರ್ನಾಟಕದಲ್ಲಿ ಈ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಆದರೆ ಇನ್‌ಸ್ಪೆಕ್ಟರ್ ಬರುವುದು ಎಂದೋ ಒಂದು ದಿನ; ದಿನದಿನದ ತಪಾಸಣೆ ಅಟೆಂಡೆಂಟ್ ಕೈಯಲ್ಲಿದೆ. ಗೇಜ್ ಗ್ಲಾಸಿನ ಮೇಲಿನ ಅಥವಾ ಕೆಳಗಿನ ಕವಾಟಕ್ಕೆ ಕೆಸರು ಕಟ್ಟಿಕೊಂಡರೆ ಗಾಜು ಸುಳ್ಳು ಮಟ್ಟ ತೋರಿಸುತ್ತದೆ. ಪಾಳಿಗೆ ಬಂದವನು ಗಾಜಿನ ತಳದ ನಲ್ಲಿ ತೆರೆದು, ಉಗಿಯ ದಾರಿಯನ್ನೂ ನೀರಿನ ದಾರಿಯನ್ನೂ ಒಂದೊಂದಾಗಿ ಊದಿಸಿ, ನಲ್ಲಿ ಮುಚ್ಚಿದ ಮೇಲೆ ನೀರು ಚಟ್ಟನೆ ಮೇಲೇರುತ್ತದೆಯೇ ನೋಡಬೇಕು. ಮೆಲ್ಲಗೆ ಏರಿದರೆ ದಾರಿ ಕಟ್ಟಿದೆ ಎಂದೇ ತಿಳಿದು, ಅದನ್ನು ಬಿಡಿಸುವವರೆಗೆ ಒಲೆಗೆ ಸೌದೆ ಹಾಕಬಾರದು.